ಹೊಟ್ಟೆ ಕಿರಿದಾಯಿತು, ಪಿತ್ತಕೋಶ ಮುನಿಯಿತು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಚಿಕ್ಕಮಗಳೂರಿನಲ್ಲಿ ಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ: ‘ಎಷ್ಟು ಕೆ.ಜಿ. ಇಳಿಯಿತು?’ ಪಿತ್ತಕೋಶವನ್ನು ವಿಚಾರಿಸುವವರಿಲ್ಲ, ಪಾಪ.

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಅದನ್ನು ಗಟ್ಟಿಗೊಳಿಸಿ ಕೂಡಿಡುವ ಪುಟ್ಟ ಚೀಲವೇ ಪಿತ್ತಕೋಶ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದಾಗ ಅದು ಸಂಕುಚಿಸಿ ರಸ ಬಿಡುತ್ತದೆ. ತೂಕ ಭರದಿಂದ ಇಳಿಯುವಾಗ ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಸೇರುತ್ತದೆ. ಊಟ ಕಡಿಮೆಯಾದ್ದರಿಂದ ಚೀಲ ಸರಿಯಾಗಿ ಖಾಲಿಯೂ ಆಗುವುದಿಲ್ಲ. ನಿಂತ ರಸ ಹರಳುಗಟ್ಟುತ್ತದೆ. ಮೊದಲ 6 ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಹಲವರಿಗೆ ಬರೆದುಕೊಡುವುದು ಇದಕ್ಕೇ. ಆದರೂ ಕೆಲವರಿಗೆ ಕಲ್ಲಾಗುತ್ತದೆ; ನನಗಾಯಿತು.

ನಾದಿನಿಯ ಮನೆಯಲ್ಲಿ ತುಪ್ಪ ಸವರಿದ ಅರ್ಧ ಅಕ್ಕಿರೊಟ್ಟಿ ತಿಂದ ರಾತ್ರಿ, ಬಲ ಪಕ್ಕೆಲುಬಿನ ಕೆಳಗೆ ಹಿಂಡಿದಂತಾಗಿ ನೋವು ಭುಜದ ಹಿಂದಕ್ಕೆ ಹತ್ತಿತು. ‘ಗ್ಯಾಸ್ ಕಣಮ್ಮ, ಜೀರಿಗೆ ಕಷಾಯ ಕುಡಿ’ ಎಂದರು ಅತ್ತೆ. ಕಷಾಯವೇನೋ ರುಚಿಯಾಗಿತ್ತು, ನೋವು ಜಗ್ಗಲಿಲ್ಲ. ಬೆಳಿಗ್ಗೆ ಸ್ಕ್ಯಾನಿಂಗ್ ಪರದೆಯ ಮೇಲೆ ಕಲ್ಲುಗಳು ಬೆಳ್ಳಗೆ ಹೊಳೆದವು, ಹಿಂದೆ ಕಪ್ಪು ನೆರಳು. ಜ್ವರ ಬಂದರೆ, ಕಣ್ಣು ಹಳದಿಯಾದರೆ ಒಂದು ಗಳಿಗೆಯೂ ಕಾಯಬಾರದು ಎಂದರು ವೈದ್ಯರು.

ಮುಂದಿನ ತಿಂಗಳು ಪಿತ್ತಕೋಶವನ್ನೇ ತೆಗೆಸುತ್ತಿದ್ದೇನೆ. ‘ಆಮೇಲೆ ಪಿತ್ತ ಎಲ್ಲಿಗೆ ಹೋಗುತ್ತದೆ?’ ಎಂಬುದು ಅತ್ತೆಯ ಚಿಂತೆ. ಯಕೃತ್ತಿನಿಂದ ನೇರವಾಗಿ ಕರುಳಿಗೇ ಇಳಿಯುತ್ತದೆ ಎಂದರೂ ಅವರಿಗಿನ್ನೂ ನಂಬಿಕೆಯಿಲ್ಲ.