ಹಪ್ಪಳ ಒಣಗದ ವೈಶಾಖ

ಹಪ್ಪಳದ ಡಬ್ಬ ತವರಿಗೆ ಖಾಲಿ ಹೋಗಿ ಖಾಲಿಯೇ ವಾಪಸ್ ಬಂತು. ಹಳೆಯ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಅದು. ಪ್ರತಿ ವರ್ಷ ಮೇ ಕೊನೆಗೆ ಅದನ್ನು ತುಂಬಿಸಿಕೊಂಡು, ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬರುತ್ತೇನೆ. 2025ರ ಮೇನಲ್ಲಿ ಮಾತ್ರ ಆಗಲಿಲ್ಲ.

ತಿಂಗಳ ಮೂರನೇ ವಾರ ರಜೆ ಹಾಕಿ ಹೋಗಿದ್ದೆ. ಅಮ್ಮ ಎರಡು ಹಲಸಿನಕಾಯಿ ಕೊಯ್ಸಿಟ್ಟಿದ್ದರು. ಹಪ್ಪಳಕ್ಕೆ ಎಳೆಯದೂ ಆಗಲ್ಲ, ಹಣ್ಣೂ ಆಗಲ್ಲ, ಸರಿಯಾಗಿ ಬಲಿತಿರಬೇಕು. ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಹಾಕಿ ಒರಳಲ್ಲಿ ಕುಟ್ಟುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಮಿಕ್ಸಿಗೆ ಹಾಕೋಣ ಅಂದರೆ ಅಮ್ಮ ಒಪ್ಪುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ನೂರಾ ಅರವತ್ತು ಹಪ್ಪಳ ಹಚ್ಚಿ ಅಂಗಳದ ಚಾಪೆ ಮೇಲೆ ಹರವಿದ್ದೆವು.

ಹನ್ನೊಂದಕ್ಕೆ ಗುಡ್ಡದ ಆಚೆಯಿಂದ ಸದ್ದು ಕೇಳಿತು. ನಮ್ಮ ಕಡೆ ಮಳೆ ಮೊದಲು ಕಿವಿಗೆ ಬರುತ್ತದೆ, ಆಮೇಲೆ ಮೈಗೆ. ಓಡಿ ಹೋಗಿ ಚಾಪೆ ಎಳೆದೆವು, ಅರ್ಧ ನೆನೆದಿತ್ತು.

ಮೇ ಮಳೆಗೆ ಒಂದು ಟೈಮ್ ಇರುತ್ತೆ ಅಲ್ವಾ? ಮಧ್ಯಾಹ್ನದವರೆಗೆ ಸುಡುವ ಬಿಸಿಲು, ನಾಲ್ಕು ಗಂಟೆಗೆ ಗುಡುಗು, ಸಂಜೆಗೆ ಆಕಾಶ ತಿಳಿ. ಅದರ ಜೊತೆ ಹಪ್ಪಳ ಏಗುತ್ತದೆ. ಇದು ಹಾಗಲ್ಲ. ಗುಡುಗಿಲ್ಲ, ಸುಮ್ನೆ ಹಿಡಿದುಕೊಂಡು ಹೊಯ್ಯುವ ಮಳೆ. "ಇದೇನೇ ಮಾರಾಯ್ತಿ, ಕೃತ್ತಿಕೆ ಇನ್ನೂ ಮುಗಿದಿಲ್ಲ, ಆರಿದ್ರೆ ಮಳೆ ಹೊಯ್ತಾ ಇದೆ!" ಅಂದರು ಅಮ್ಮ. ಪಂಚಾಂಗದಲ್ಲಿ ಅದಿನ್ನೂ ವೈಶಾಖ, ವಸಂತ ಋತು.

ಆಮೇಲೆ ಲೆಕ್ಕ ಬಂತು. ಮೇನಲ್ಲಿ ಕರ್ನಾಟಕಕ್ಕೆ ವಾಡಿಕೆ ಮಳೆ 74 ಮಿ.ಮೀ., ಬಿದ್ದಿದ್ದು 219. 125 ವರ್ಷಗಳಲ್ಲೇ ಜಾಸ್ತಿ. ಮುಂಗಾರು ಕೇರಳಕ್ಕೆ ಜೂನ್ 1ರ ಬದಲು ಮೇ 24ಕ್ಕೇ ಬಂದುಬಿಟ್ಟಿತ್ತು, 2009ರ ನಂತರ ಇಷ್ಟು ಬೇಗ ಬಂದಿರಲಿಲ್ಲ. ಅರಬ್ಬಿ ಸಮುದ್ರದಲ್ಲಿ ಕೊಂಕಣದ ಹತ್ತಿರ ಎದ್ದ ವಾಯುಭಾರ ಕುಸಿತ ಅದನ್ನು ಇನ್ನಷ್ಟು ಎಳೆದುಕೊಂಡಿತು. ಮುಂಬೈಯಿಂದ ತಂಗಿ ಫೋನ್ ಮಾಡಿ, "ಅಕ್ಕಾ, ನಮ್ಮಲ್ಲೂ ರೆಕಾರ್ಡ್" ಅಂದಳು. ಅಲ್ಲಿಗೆ ಜೂನ್ 11ಕ್ಕೆ ಬರಬೇಕಾದ ಮುಂಗಾರು ಮೇ 26ಕ್ಕೆ ಹಾಜರ್. ಅಲ್ಲಿನ ಕೊಲಾಬಾದಲ್ಲಿ ಆ ತಿಂಗಳ ಮಳೆ 1918ರ ಮೇ ತಿಂಗಳ 279.4 ಮಿ.ಮೀ. ದಾಖಲೆ ಮುರಿಯಿತು.

ನಿಜ ಹೇಳಬೇಕೆಂದರೆ 219 ಮಿ.ಮೀ. ಅಂದರೆ ಮಲೆನಾಡಿನವರು ಹೆದರುವಂಥದ್ದಲ್ಲ. ಜುಲೈನಲ್ಲಿ ಆಗುಂಬೆ ಅಷ್ಟನ್ನು ಒಮ್ಮೊಮ್ಮೆ ಒಂದೇ ದಿನ ನೋಡುತ್ತದೆ. ಶಿವಮೊಗ್ಗದಲ್ಲಂತೂ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗಿನ ಮಂಟಪ ಮುಳುಗುವ ತನಕ ನಾವು ಅದನ್ನು ಮಳೆ ಅಂತಲೇ ಕರೆಯುವುದಿಲ್ಲ. ತೊಂದರೆಯಾಗಿದ್ದು ಅದು ಬಂದ ಹೊತ್ತಿನಿಂದ. ಕಟ್ಟಿಗೆ ಇನ್ನೂ ಹೊರಗೇ ಇತ್ತು. ಗುಡಿಸಿಟ್ಟ ದರಗು, ಅಂದರೆ ಒಣಗಿದ ಎಲೆ, ಕೊಟ್ಟಿಗೆ ಸೇರಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು, ಹೊಡೆದದ್ದು ಗೊನೆ ಮೇಲೆ ಒಣಗಬೇಕು. ಅಪ್ಪ ತಂದ ಮೈಲುತುತ್ತದ ಚೀಲ ಜಗಲಿ ಮೂಲೆಯಲ್ಲಿ ಕಟ್ಟು ಬಿಚ್ಚದೆ ಕೂತಿತ್ತು. ಅಪ್ಪ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಹೋಗಿ ಮೋಡ ನೋಡಿ ಬರುತ್ತಿದ್ದರು.

ಹಪ್ಪಳಗಳನ್ನು ನಡುಮನೆಯಲ್ಲಿ ಫ್ಯಾನ್ ಕೆಳಗೆ ಹಾಕಿದೆವು. ಎರಡನೇ ದಿನ ಮೇಲೆ ಒಣಗಿದ ಹಾಗೆ ಕಂಡಿತು, ಮಗುಚಿದರೆ ಬೆರಳಿಗೆ ಅಂಟುತ್ತಿತ್ತು. ಮೂರನೇ ದಿನ ಅಂಚಿನಲ್ಲಿ ಬಿಳಿ ಚುಕ್ಕೆ. ಅಮ್ಮ ಬಟ್ಟೆಗೆ ಎಣ್ಣೆ ಹಚ್ಚಿ ಒಂದೊಂದನ್ನೇ ಒರೆಸಿದರು. ನಾಲ್ಕನೇ ದಿನ ಚುಕ್ಕೆ ಹಸಿರಾಯಿತು. ಬೂಷ್ಟು ಹಿಡಿದದ್ದನ್ನೆಲ್ಲ ನಾನೇ ತಿಪ್ಪೆಗೆ ಹಾಕಿ ಬಂದೆ. ಅಮ್ಮ ಹೊರಗೆ ಬರಲಿಲ್ಲ.

ಬಚ್ಚಲೊಲೆಯ ಮೇಲೆ ಜರಡಿಯಲ್ಲಿಟ್ಟ ಮೂವತ್ತು ಮಾತ್ರ ಉಳಿದವು. ಡಬ್ಬಕ್ಕೆ ಹಾಕಿದರೆ ತಳ ಕೂಡ ಮುಚ್ಚಲ್ಲ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರು. ಶಿವಮೊಗ್ಗಕ್ಕೆ ಬಂದು ಕರಿದರೆ ಬರೀ ಹೊಗೆ ವಾಸನೆ. ಮಗ "ಬಾರ್ಬೆಕ್ಯೂ ಫ್ಲೇವರ್" ಅಂತ ಏಳು ತಿಂದ.

ರಾತ್ರಿ ಅಮ್ಮ ಫೋನ್ ಮಾಡಿ ಹಪ್ಪಳ ಹೇಗಿತ್ತು ಅಂತ ಕೇಳಿದರು. ಏಳು ತಿಂದ ಅಂತಷ್ಟೇ ಹೇಳಿದೆ.