'ಏನೂ ಆಗಲ್ಲ, ಬನ್ನಿ' ಅನ್ನುವ ಡೈವ್ ಶಾಪ್

ಮುರುಡೇಶ್ವರದ ಸ್ಕೂಬಾ ಶಾಪೊಂದರಲ್ಲಿ ಬುಕಿಂಗ್ ಕೌಂಟರ್ ನನ್ನದು. ಅಕ್ಟೋಬರ್‌ನಿಂದ ಮೇವರೆಗೆ ಸೀಸನ್. ಶನಿವಾರ ಬೆಳಗಾದರೆ ಸಾಕು, ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿದವರು ನಿದ್ದೆಗಣ್ಣಲ್ಲೇ ಸೀದಾ ನಮ್ಮ ಬಾಗಿಲಿಗೆ ಬರುತ್ತಾರೆ. ಬೋಟ್ ತಡವಾಯಿತು, ವೆಟ್‌ಸೂಟ್ ಒದ್ದೆ ಇದೆ, ವಿಡಿಯೊ ಮಸುಕಾಗಿದೆ ಅಂತ ಬೈಗುಳ ತಿಂದಿದ್ದೇವೆ. ಅದೆಲ್ಲ ಸರಿಯೇ. ಆದರೆ ನಿಜವಾಗಿ ಬೈಯಬೇಕಾದ ವಿಷಯಕ್ಕೆ ಯಾರೂ ಬೈಯುತ್ತಿರಲಿಲ್ಲ. ಯಾಕೆಂದರೆ ಅದನ್ನು ನಾವು ನಗುನಗುತ್ತಾ ಮಾಡುತ್ತಿದ್ದೆವು.

ನೀರಿಗಿಳಿಯುವ ಮೊದಲು ಆರೋಗ್ಯದ ಫಾರ್ಮ್ ತುಂಬಬೇಕು. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್ ಎಲ್ಲ ಕೇಳಿರುತ್ತದೆ. ಇಂಥದ್ದಕ್ಕೆ 'ಹೌದು' ಅಂದರೆ ಡಾಕ್ಟರ್ ಒಪ್ಪಿಗೆ ಬೇಕು. ನಮ್ಮಲ್ಲಿ ಆ ಫಾರ್ಮ್ ಗಿರಾಕಿ ಕೈಗೆ ಸಿಗುತ್ತಿದ್ದದ್ದು ಬೋಟ್ ಹೊರಡುವ ಹೊತ್ತಿಗೆ. ಫೋನಿನಲ್ಲಿ ಬುಕ್ ಮಾಡುವಾಗ ಅಡ್ವಾನ್ಸ್ ಮಾತು ಬಿಟ್ಟರೆ ಬೇರೇನಿಲ್ಲ.

ಒಬ್ಬ ಮೇಡಂ ಆಸ್ತಮಾ ಮುಂದೆ 'ಹೌದು' ಅಂತ ಗುರುತು ಹಾಕಿದರು. ನಮ್ಮ ಹುಡುಗ ಹೊಸ ಫಾರ್ಮ್ ಮುಂದಿಟ್ಟು, "ಇಲ್ಲ ಅಂತ ಹಾಕಿಬಿಡಿ ಮೇಡಂ. ಬರೀ 12 ಮೀಟರ್ ಅಲ್ವಾ, ಏನೂ ಆಗಲ್ಲ" ಅಂದ. ಅವರು ಗಂಡನ ಮುಖ ನೋಡಿದರು. "ದುಡ್ಡು ಕಟ್ಟಿ ಆಗಿದೆಯಲ್ಲ" ಅಂದರು ಗಂಡ. ಮೇಡಂ 'ಇಲ್ಲ' ಬರೆದರು. ಬ್ಯಾಗನ್ನು ಲಾಕರ್‌ಗೆ ಹಾಕುವಾಗ ಇನ್‌ಹೇಲರ್ ಇನ್‌ಸ್ಟ್ರಕ್ಟರ್ ಕಣ್ಣಿಗೆ ಬಿತ್ತು. ಅವರು ಖಡಾಖಂಡಿತವಾಗಿ ಬೇಡ ಅಂದರು. ಆಮೇಲೆ ಕೌಂಟರ್‌ನಲ್ಲಿ ಜಗಳವೋ ಜಗಳ. ನಮ್ಮ ಹುಡುಗ ರಸೀದಿ ತಿರುಗಿಸಿ 'ಅಡ್ವಾನ್ಸ್ ವಾಪಸ್ ಇಲ್ಲ' ಅನ್ನುವ ಸಾಲು ತೋರಿಸಿದ.

'ಬರೀ 12 ಮೀಟರ್' ಅನ್ನುವ ಮಾತೇ ತಪ್ಪು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುತ್ತಾ ಎರಡು ಪಟ್ಟು ಹಿಗ್ಗುತ್ತದೆ. ಆಸ್ತಮಾದಿಂದ ಶ್ವಾಸನಾಳ ಬಿಗಿದು ಗಾಳಿ ಒಳಗೇ ಸಿಕ್ಕಿಕೊಂಡರೆ ಶ್ವಾಸಕೋಶವೇ ಹರಿಯಬಹುದು. ನಾವು ಡೈವ್‌ಗೆ ಕರೆದೊಯ್ಯುವ ನೇತ್ರಾಣಿ ದ್ವೀಪ ಇರುವುದು ದಡದಿಂದ ಸುಮಾರು 19 ಕಿ.ಮೀ. ದೂರ. ಅಲ್ಲಿ ಹೆಚ್ಚುಕಮ್ಮಿ ಆದರೆ ಆಸ್ಪತ್ರೆ ಪಕ್ಕದ ಬೀದಿಯಲ್ಲಿಲ್ಲ.

ಈಗ ನಾನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಫಾರ್ಮನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಅವತ್ತೇ ಸಂಜೆ ಮಂಗಳೂರಿಂದ ಫ್ಲೈಟ್ ಇದೆಯಾ ಅಂತಲೂ ಕೇಳುತ್ತೇನೆ. ಒಂದೇ ಡೈವ್ ಆದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ ಕಾಯಬೇಕು, ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಕೆಲವು ಬುಕಿಂಗ್ ಕೈತಪ್ಪುತ್ತವೆ. ಓನರ್ ಗೊಣಗುತ್ತಾರೆ, ಗೊಣಗಲಿ ಬಿಡಿ.

ಬೆಳಿಗ್ಗೆ ಎದ್ದಾಗ ನೆಗಡಿ ಹಿಡಿದಿದ್ದರೆ ಮಾತ್ರ ಈ ಫಾರ್ಮ್‌ನಿಂದ ಉಪಯೋಗ ಇಲ್ಲ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ, ಎರಡು ಮೂರು ಮೀಟರ್‌ಗೇ ನೋವು ಶುರು. ಅಂಥವರಿಗೆ ಇನ್ನೊಂದು ದಿನ ಕೊಡಿ, ಇಲ್ಲವೇ ಪೂರ್ತಿ ದುಡ್ಡು ವಾಪಸ್ ಮಾಡಿ ಅಂತ ಓನರ್‌ಗೆ ಹೇಳುತ್ತಲೇ ಇದ್ದೇನೆ. ದಿನ ಬದಲಿಸಲು ಒಪ್ಪಿದ್ದಾರೆ. ದುಡ್ಡಿನ ಮಾತು ಬಂದರೆ ಫೋನ್ ನೋಡಿಕೊಳ್ಳುತ್ತಾರೆ. ಹಾಗಾಗಿ ಸೋಮವಾರ ಆಫೀಸಿಗೆ ಹೋಗಲೇಬೇಕಾದವರು ಈಗಲೂ ಮೂಗು ಒರೆಸಿಕೊಂಡು, ನೆಗಡಿ ಇಲ್ಲ ಅಂತಲೇ ಸಹಿ ಹಾಕುತ್ತಾರೆ.