ಹಿಮದಲ್ಲಿ ಬಿದ್ದ ಊರುಗೋಲು

ಈ ಚಿತ್ರದೊಳಗಿನ ಮನುಷ್ಯ ನನ್ನ ಕಣ್ಣಿಗೆ ಬೀಳಲು ಎರಡು ದಿನ ಬೇಕಾಯಿತು. ಅಪ್ಪನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1811ರಲ್ಲಿ ಬಿಡಿಸಿದ ಚಳಿಗಾಲದ ಚಿತ್ರ ಅದು. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಸುಮ್ನೆ ಹಿಮ ನೋಡೋಣ ಅನ್ನಿಸಿ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿತು. ಬಿಡಲು ಮನಸ್ಸಾಗಲಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿ ಎ3 ಹಾಳೆಯಲ್ಲಿ ಕಲರ್ ಪ್ರಿಂಟ್ ತೆಗೆಸಿದೆ. ಮೂಲ ಚಿತ್ರವೂ ದೊಡ್ಡದಲ್ಲ. 45 ಸೆಂಟಿಮೀಟರ್ ಅಗಲ, ಸುಮಾರು 33 ಎತ್ತರ. ನನ್ನ ಹಾಳೆಗಿಂತ ಚೂರು ದೊಡ್ಡದು, ಅಷ್ಟೇ.

ಮೊದಲು ಕಾಣುವುದು ಹಿಮ. ಆಮೇಲೆ ಫರ್ ಮರಗಳು, ಅಲ್ಲೇ ಒಂದು ಶಿಲುಬೆ. ದೂರದ ಮಂಜಿನಲ್ಲಿ ಚರ್ಚು. ಅದು ಕಲ್ಲಿನದೋ, ಮಂಜೇ ಹಾಗೆ ಎದ್ದು ನಿಂತಿದೆಯೋ ಗೊತ್ತಾಗುವುದಿಲ್ಲ. ಮರಗಳ ತುದಿಯೂ ಚರ್ಚಿನ ಗೋಪುರಗಳ ತುದಿಯೂ ಒಂದೇ ಥರ.

ಅಪ್ಪ ಹೋದ ವರ್ಷ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡ. ಪ್ರತಿ ಸೋಮವಾರ ಶರಣಬಸವೇಶ್ವರರ ಗುಡಿಗೆ ನಡೆದೇ ಹೋಗುತ್ತಿದ್ದವನು. ಈಗ ಮಂಚದ ಮೇಲಿಂದಲೇ ಕೈ ಮುಗಿಯುತ್ತಾನೆ. ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು, "ಇಲ್ಲಿ ಕೋಲು ಬಿದ್ದಾವ ನೋಡು" ಅಂದ. ಬೆರಳು ಸರಿಸುತ್ತ ಹೋಗಿ, ಬಂಡೆಗೆ ಒರಗಿ ಕೈ ಮುಗಿದು ಕೂತವನನ್ನು ತೋರಿಸಿದ.

"ಕೋಲು ಒಗದು ಕುಂತಾನಲ್ಲ, ತಿರುಗಿ ಹ್ಯಾಂಗ ಹೋಗ್ತಾನ?"

ಅದೇ ವರ್ಷ ಫ್ರೀಡ್ರಿಕ್ ಇನ್ನೊಂದು ಚಿತ್ರವನ್ನೂ ಬಿಡಿಸಿದ್ದ. ಅದು ಜರ್ಮನಿಯ ಶ್ವೆರಿನ್ ಊರಲ್ಲಿದೆ. ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಅಲ್ಲೂ ಹಿಮ, ಅಲ್ಲೂ ಊರುಗೋಲಿನವನು. ಆದರೆ ಸುತ್ತ ಒಣಗಿದ ಮರ, ಕಡಿದ ಬುಡಗಳು. ಶಿಲುಬೆ ಇಲ್ಲ, ಚರ್ಚು ಇಲ್ಲ, ಹಸಿರು ಇಲ್ಲ. ಕೋಲಿಗೆ ಭಾರ ಹಾಕಿ ಒಬ್ಬನೇ ನಿಂತಿದ್ದಾನೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಇವನು ಎಲ್ಲಿಂದ ಎಲ್ಲಿಗೆ ಬಂದ ಅಂತ ತಿಳಿಯುತ್ತದೆ, ಅಲ್ವಾ?

ಕಾಲು ಸರಿಹೋಯಿತು ಅಂತ ಚಿತ್ರ ಎಲ್ಲೂ ಹೇಳುವುದಿಲ್ಲ. ಅವನು ಎದ್ದು ಓಡುತ್ತಿಲ್ಲ. ಕೂತಿದ್ದಾನೆ. ನನಗೆ ಜಾಸ್ತಿ ಹಿಡಿಸಿದ್ದೇ ಇದು. ಭಕ್ತಿ ಅಂದ ಕೂಡಲೇ ಪವಾಡ ತೋರಿಸುವ ಚಿತ್ರಗಳನ್ನು ಎಷ್ಟೋ ನೋಡಿದ್ದೇನೆ. ಇಲ್ಲಿ ಹಿಮ ಸೀಳಿಕೊಂಡು ನಾಲ್ಕು ಎಳೆ ಹುಲ್ಲು ಮೇಲೆ ಬಂದಿದೆ, ಅಷ್ಟೇ. ಪ್ರಿಂಟಿನಲ್ಲಿ ಅದು ಸರಿಯಾಗಿ ಕಾಣಲಿಲ್ಲ. ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿದೆ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ.

"ಗ್ವಾಡಿಗೆ ಹಚ್ಚು. ಕೆಳಗ ಹಚ್ಚು, ಮಲಗಿದಾಗ ಕಾಣಂಗ."

ಮಂಚದ ಎತ್ತರಕ್ಕೇ ಹಚ್ಚಿದೆ. ಅಲ್ಲಿ ಒರಗಿಸಿಟ್ಟಿದ್ದ ಅವನ ಕೋಲುಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕಾಯಿತು.